ಬ್ಯಾಕ್ಟೀರಿಯಾಗಳ ಬೀಗತನ

ಒಂಟಿಯಾಗಿ ತಿರುಗುವ ಮನುಷ್ಯನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಜೊತೆಗೆ ಇನ್ನೊಬ್ಬರಿದ್ದರೆ ಅರ್ಧ ಫಜೀತಿ ಅವರ ಪಾಲಿಗೆ ಹೋಗುತ್ತದೆ. ನನಗೆ ಯಾರೂ ಇಲ್ಲವಾದ್ದರಿಂದ ಪೂರ್ತಿ ನನಗೇ ಬೀಳುತ್ತದೆ. ಆಮೇಲೆ ನೆನೆಸಿಕೊಂಡು ನಗುವುದಕ್ಕೂ ನಾನೊಬ್ಬನೇ.

ನನ್ನ ಕೆಲಸವನ್ನು ಮೊದಲೇ ಹೇಳಿಬಿಡುತ್ತೇನೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ತಾಲೂಕುಗಳಲ್ಲಿ ಹೊಳೆಯ ನೀರು, ಗದ್ದೆಯ ಮಣ್ಣು, ತಿಪ್ಪೆಯ ಗೊಬ್ಬರ ತಂದು, ಅದರಲ್ಲಿರುವ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಯಾವುದು ಯಾವುದಕ್ಕೆ ನೆಂಟ ಎಂದು ಪತ್ತೆ ಮಾಡುವುದು. ಬ್ಯಾಕ್ಟೀರಿಯಾಗಳ ನೆಂಟಸ್ತನ ನಮ್ಮದರಂತೆ ಸರಳವಲ್ಲ. ನಾವು ನಮ್ಮ ಗುಣವನ್ನು ಮಕ್ಕಳಿಗೆ ಮಾತ್ರ ಕೊಡುತ್ತೇವೆ. ಅವು ಪಕ್ಕದಲ್ಲಿ ಕೂತವರಿಗೂ ಕೊಟ್ಟುಬಿಡುತ್ತವೆ. ಒಂದು ಮಾತ್ರೆಯನ್ನು ತಡೆದುಕೊಳ್ಳುವ ಶಕ್ತಿ ಒಂದಕ್ಕೆ ಬಂತೆಂದರೆ, ಆ ಶಕ್ತಿಯ ವಂಶವಾಹಿಯ ನಕಲು ತೆಗೆದು ನೆರೆಮನೆಗೂ ದಾಟಿಸುತ್ತವೆ. ಹೀಗಾಗಿ ಜನ್ಮದಲ್ಲಿ ಔಷಧದ ಅಂಗಡಿ ನೋಡದ ಹೊಳೆಯ ಬ್ಯಾಕ್ಟೀರಿಯಾ ಕೂಡ ಔಷಧಕ್ಕೆ ಬಗ್ಗದೆ ನಿಲ್ಲುತ್ತದೆ. ಹೇಗೆ ದಾಟಿತು, ಯಾರಿಂದ ಯಾರಿಗೆ ದಾಟಿತು ಎಂಬುದನ್ನು ನೋಡಲು ನನ್ನನ್ನು ಹಳಿಯಾಳದಲ್ಲಿ ಕೂರಿಸಿದ್ದಾರೆ. ಬಾಡಿಗೆಯ ಮನೆ. ಮುಂದಿನ ಎರಡು ಕೋಣೆ ಪ್ರಯೋಗಾಲಯ, ಹಿಂದಿನ ಒಂದು ಕೋಣೆ ನಾನು. ತಿಂಗಳಿಗೊಮ್ಮೆ ದೂರದ ಮೇಲಧಿಕಾರಿ ಫೋನ್ ಮಾಡಿ "ಡೇಟಾ ಬಂತಾ?" ಎನ್ನುತ್ತಾರೆ. "ಬಂತು" ಎಂದರೆ ಇಟ್ಟುಬಿಡುತ್ತಾರೆ. "ಬಂದಿಲ್ಲ" ಎಂದರೆ ಇನ್ನೂ ಎರಡು ನಿಮಿಷ ಮಾತಾಡುತ್ತಾರೆ. ಕೆಲವು ತಿಂಗಳು, ಬಂದಿದ್ದರೂ, ನಾನು ಬಂದಿಲ್ಲ ಎಂದೇ ಹೇಳುತ್ತೇನೆ.

ವಯಸ್ಸು ನಲವತ್ತೆಂಟು. ಮದುವೆ ಆಗಿಲ್ಲ. ಅದರ ಹಿಂದೆ ದೊಡ್ಡ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೇ.

ಬಸ್ಸಿನಲ್ಲಿ ಕೋಟಿ ಮಂದಿ

ಜೋಯಿಡಾ ಕಡೆಯ ಒಂದು ಹಳ್ಳದಿಂದ ನೀರು ತುಂಬಿಕೊಂಡು ದಾಂಡೇಲಿ ಬಸ್ಸು ಹತ್ತಿದ್ದೆ. ತೊಡೆಯ ಮೇಲೆ ಥರ್ಮೊಕೋಲಿನ ಡಬ್ಬ, ಒಳಗೆ ಬರ್ಫು, ಬರ್ಫಿನ ನಡುವೆ ಬಾಟಲಿಗಳು. ಬಸ್ಸು ಕಿಕ್ಕಿರಿದಿತ್ತು. ಪಕ್ಕದಲ್ಲಿ ಕೂತಿದ್ದ ಕೊಂಕಣಿ ಹೆಂಗಸು ಡಬ್ಬದ ಮೇಲೆ ಮೆಲ್ಲಗೆ ಬಡಿದು, "ನುಸ್ತೆಂ?" ಎಂದಳು. ಮೀನಾ ಎಂದು ಕೇಳಿದ್ದು. ಅಲ್ಲ ಎಂದು ತಲೆ ಆಡಿಸಿದೆ. ಅವಳಿಗೆ ನಂಬಿಕೆ ಬರಲಿಲ್ಲ. ಬರ್ಫಿನ ಡಬ್ಬ ಇಟ್ಟುಕೊಂಡು ಮೀನಿಲ್ಲ ಎನ್ನುವವನನ್ನು ಯಾರು ನಂಬುತ್ತಾರೆ?

ಅಷ್ಟರಲ್ಲಿ ಕಂಡಕ್ಟರ್ ಬಂದ. "ಡಬ್ಬಿದಾಗ ಏನೈತ್ರಿ?"

"ನೀರು."

"ನೀರಿಗೆ ಬರ್ಫ ಯಾಕ?"

"ಅದರಾಗ ಜೀವ ಅದಾವ್ರಿ. ಕೆಡಬಾರದು."

"ಜೀವ ಅಂದ್ರ? ಕೋಳಿ ಮರಿ?"

ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆ ದಿನ ಬೆಳಿಗ್ಗೆಯಿಂದ ಯಾರ ಹತ್ತಿರವೂ ಒಂದು ಮಾತಾಡಿರಲಿಲ್ಲ. ಕೇಳಿದವನಿಗೆ ವಿವರವಾಗಿ ಹೇಳುವ ಆಸೆಯಾಯಿತು. "ಬ್ಯಾಕ್ಟೀರಿಯಾ" ಎಂದೆ.

ಕೊಂಕಣಿ ಹೆಂಗಸು ಎದ್ದು ನಿಂತಳು. ಮುಂದಿನ ಸೀಟಿನವರು ಇನ್ನೂ ಮುಂದೆ ಹೋದರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನನ್ನ ಸುತ್ತ ಒಂದು ಅಂಗಳದಷ್ಟು ಜಾಗವಾಯಿತು. "ಹೆದರಬ್ಯಾಡ್ರಿ," ಎಂದೆ, "ನಾವು ಕುಡಿಯೂ ನೀರಿನ್ಯಾಗೂ ಇರ್ತಾವ." ಅದರಿಂದ ಯಾರಿಗೂ ಧೈರ್ಯ ಬಂದಂತೆ ಕಾಣಲಿಲ್ಲ.

ಕಂಡಕ್ಟರ್ ಮಾತ್ರ ನಿಂತಲ್ಲೇ ನಿಂತು ಕೇಳಿದ. "ಎಷ್ಟ ಅದಾವ?"

"ಎಲ್ಲಾ ಬಾಟ್ಲಿ ಕೂಡಿ ಕೋಟಿಗಟ್ಟಲೆ ಆದಾವು."

ಅವನು ಬಸ್ಸನ್ನು ಹಿಂದೆ ಮುಂದೆ ಒಮ್ಮೆ ನೋಡಿದ. "ಕೋಟಿ ಮಂದೀನ ಕರಕೊಂಡು ಬಂದು ಒಂದ ಟಿಕೆಟ್ ತಗೊಂಡೀರಲ್ರಿ ಸರ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ದಾಂಡೇಲಿ ಬರುವ ತನಕ ನನ್ನ ಪಕ್ಕ ಯಾರೂ ಕೂರಲಿಲ್ಲ. ಈಗಲೂ ಆ ಬಸ್ಸು ಹತ್ತಿದರೆ ಕಂಡಕ್ಟರ್ ದೂರದಿಂದಲೇ ಕೂಗುತ್ತಾನೆ: "ಸರೀರಿ, ಸರೀರಿ, ಜಾಗಾ ಬಿಡ್ರಿ! ಸರ ಮನಿ ಮಂದಿ ಸಮೇತ ಬಂದಾರ!"

ಪಕ್ಕದಲ್ಲಿ ಕೂತರೆ ಸಾಕು

ನನ್ನ ಮನೆಯ ಒಡತಿ ಎಪ್ಪತ್ತು ದಾಟಿದ ಅಜ್ಜಿ. ಗೋಡೆಯಾಚೆ ವಾಸ. ಸಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಿಯಾದವರು, ಗಂಡ ತೀರಿ ಬಹಳ ವರ್ಷವಾಗಿದೆ, ಹಿಂದೆ ಮುಂದೆ ಯಾರೂ ಇಲ್ಲ. ದಿನಾ ಬೆಳಿಗ್ಗೆ ಚಹಾ ಲೋಟ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, ಕುತ್ತಿಗೆ ಮಾತ್ರ ಒಳಗೆ ಹಾಕಿ ನೋಡುತ್ತಾರೆ.

ಒಂದು ದಿನ ನಾನು ಗಾಜಿನ ತಟ್ಟೆಗಳನ್ನು ಸಾಲಾಗಿ ಹರಡಿಕೊಂಡಿದ್ದೆ. ಹಾಲುಬಾಯಿಯ ಹಾಗೆ ಗಟ್ಟಿಯಾದ ಆಹಾರದ ಮೇಲೆ ಹಳದಿ, ಕೆಂಪು, ಬಿಳಿ ಚುಕ್ಕೆಗಳಾಗಿ ಬ್ಯಾಕ್ಟೀರಿಯಾ ಬೆಳೆದಿದ್ದವು.

"ಏನ ತಮ್ಮಾ, ರಂಗೋಲಿ ಹಾಕೀಯೇನು?"

"ಅಲ್ಲ ಅಜ್ಜಿ, ಒಂದೊಂದು ಚುಕ್ಕಿನೂ ಒಂದು ಮನೆತನ ಇದ್ದಂಗ. ಒಂದರಿಂದ ಹುಟ್ಟಿದ ಲಕ್ಷಗಟ್ಟಲೆ ಮಕ್ಕಳು."

ಅಜ್ಜಿಗೆ ಆಸಕ್ತಿ ಬಂತು. ಹೊಸ್ತಿಲ ಮೇಲೆ ಕೂತರು. ನಾನೂ ಉತ್ಸಾಹದಿಂದ, ಈ ಹಳದಿ ಹೇಗೆ ಆ ಬಿಳಿಗೆ ತನ್ನ ಗುಣ ಕೊಟ್ಟಿತು ಎಂದು ವಿವರಿಸಿದೆ.

"ಎರಡಕ್ಕೂ ಮದುವಿ ಮಾಡಿದ್ಯಾ?"

"ಇಲ್ಲ ಅಜ್ಜಿ, ಮದುವಿ ಬೇಕಾಗೂದಿಲ್ಲ."

"ರಕ್ತ ಸಂಬಂಧ?"

"ಅದೂ ಬ್ಯಾಡ. ಬಾಜೂಕ ಕುಂತ್ರ ಸಾಕು, ದಾಟಿ ಬಿಡ್ತದ. ಸತ್ತ ಬ್ಯಾಕ್ಟೀರಿಯಾ ಬಿಟ್ಟು ಹೋದ ತುಣುಕನ್ನೂ ಎತ್ತಿಕೊಂಡು ತಮ್ಮದು ಮಾಡ್ಕೋತಾವ."

ಅಜ್ಜಿ ಮೂಗಿನ ಮೇಲಿನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಅದು ಖರೇ. ಇದು ನಮ್ಮನಿಯವರ ಚಸ್ಮಾ. ಅವರು ಹೋದ ಮ್ಯಾಲ ನಾನ ಹಾಕ್ಕೋತೇನಿ. ನನ್ನ ನಂಬರ ಅಲ್ಲ. ಹಾಕ್ಕೊಂಡು ಹಾಕ್ಕೊಂಡು ಈಗ ನಂದ ಆಗೇತಿ."

ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ತಟ್ಟೆಗಳತ್ತ ಬಗ್ಗಿ ನೋಡಿದರು. ಆಮೇಲೆ ಅವರಿಗೆ ಏನೋ ಹೊಳೆದು ದಡಕ್ಕನೆ ಎದ್ದರು.

"ಯಾಕ ಅಜ್ಜಿ?"

"ಬಾಜೂಕ ಕುಂತ್ರ ದಾಟತೈತಿ ಅಂದೆಲ್ಲೋ! ನಿನ್ನ ಸೋಮಾರಿತನ ನನಗ ಬಂದ್ರ ಅಂಗಳದ ಕಸಾ ಉಡಗೂರು ಯಾರು?"

ಹೊಳೆಯ ತೀರ್ಥ

ದಾಂಡೇಲಿಯಲ್ಲಿ ಕಾಳಿ ಹೊಳೆಯ ದಂಡೆಗೆ ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ರಬ್ಬರಿನ ಕೈಗವಸು ಹಾಕಿಕೊಂಡು, ಮೊಣಕಾಲ ಮೇಲೆ ಕೂತು, ಬಾಟಲಿಯನ್ನು ನೀರಿಗೆ ನಿಧಾನವಾಗಿ ಇಳಿಸಿ, ಮುಚ್ಚಳ ಹಾಕಿ, ಹೆಸರು ಬರೆದು ಎತ್ತಿಡಬೇಕು. ದೂರದಿಂದ ನೋಡುವವರಿಗೆ ಇದು ಪೂಜೆಯ ಹಾಗೆ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಒಂದು ಸಲ ಎದ್ದು ತಿರುಗಿದರೆ ನನ್ನ ಹಿಂದೆ ಪ್ರವಾಸಕ್ಕೆ ಬಂದ ಒಂದು ದೊಡ್ಡ ಕುಟುಂಬ ಸಾಲಾಗಿ ಕೂತು ಖಾಲಿ ಬಾಟಲಿಗಳಿಗೆ ನೀರು ತುಂಬುತ್ತಿದೆ. ಮೈಸೂರು ಕಡೆಯವರು. ಅವರಲ್ಲಿ ಹಿರಿಯ ಹೆಂಗಸು ಭಕ್ತಿಯಿಂದ ಕೇಳಿದರು, "ಏನ್ ವಿಶೇಷ ಸಾರ್ ಈ ನೀರಲ್ಲಿ?"

"ಇದರಾಗ ಔಷಧಕ್ಕೂ ಬಗ್ಗದಂಥ ಬ್ಯಾಕ್ಟೀರಿಯಾ ಅದಾವ ಅಮ್ಮಾ."

ಅವರು ಹಿಂದೆ ತಿರುಗಿ ಗಂಡನಿಗೆ ಕೂಗಿ ಹೇಳಿದರು. "ಕೇಳಿಸ್ತೇನ್ರೀ? ಔಷಧಿಗೂ ಬಗ್ಗದೇ ಇರೋದಕ್ಕೆ ಇದು ಆಗತ್ತಂತೆ! ನಿಮ್ಮ ಮಂಡಿಗೆ ಹಚ್ಚಿ ನೋಡೋಣ."

ನಾನು ಹೌಹಾರಿದೆ. ಕೋಟಿ ಸೂಕ್ಷ್ಮಜೀವಿ ಅಂದೆ, ಹೊಟ್ಟೆ ಕೆಡುತ್ತದೆ ಅಂದೆ, ಗಾಯಕ್ಕೆ ತಾಗಿಸಬೇಡಿ ಅಂದೆ. ಅವರು ನಗುತ್ತಾ, "ನಂಬಿಕೆ ಸಾರ್, ಎಲ್ಲಾ ನಂಬಿಕೆ" ಎನ್ನುತ್ತಾ ಮುಚ್ಚಳ ತಿರುಗಿಸಿದರು. ಕೊನೆಗೆ ಬೇರೆ ದಾರಿ ಕಾಣದೆ, ಹೊಳೆಯ ನಡುವಿನ ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತಿದ್ದ ಮೊಸಳೆಯನ್ನು ತೋರಿಸಿದೆ. "ಈಗ ಹತ್ತು ನಿಮಿಷದ ಹಿಂದ ಅದು ಇದ ದಂಡ್ಯಾಗ ಇತ್ತು."

ಒಂದೇ ಕ್ಷಣದಲ್ಲಿ ಅಷ್ಟೂ ಬಾಟಲಿಗಳು ಖಾಲಿಯಾದವು. ಹೋಗುವಾಗ ಆ ಹೆಂಗಸು ಸಿಟ್ಟಿನಿಂದ ಹೇಳಿದರು, "ಮೊದಲೇ ಹೇಳ್ಬಾರದಾ ಸಾರ್, ಮೊಸಳೆ ಎಂಜಲು ಅಂತ!"

ಸಗಟು ಮತ್ತು ಚಿಲ್ಲರೆ

ಮುಂಡಗೋಡದ ಟಿಬೆಟಿಯನ್ನರ ಕ್ಯಾಂಪಿನ ಹತ್ತಿರ ಗೋವಿನಜೋಳದ ಹೊಲಗಳ ನಡುವೆ ಒಂದು ಕೆರೆಯಿದೆ. ಅಲ್ಲಿ ಒಬ್ಬ ವಯಸ್ಸಾದ ಭಿಕ್ಷು ದಿನಾ ಮಧ್ಯಾಹ್ನ ಜಪಮಾಲೆ ಎಣಿಸುತ್ತಾ ಕೆರೆ ಸುತ್ತುತ್ತಾರೆ. ಸಂತೆಯಲ್ಲಿ ಕಲಿತ ಕನ್ನಡ, ನನ್ನದಕ್ಕಿಂತ ಚೆನ್ನಾಗಿದೆ. ನಾನು ನೀರು ತುಂಬುವಾಗ ಬಂದು ಪಕ್ಕ ನಿಂತರು.

"ಇದನ್ನ ಒಯ್ದು ಏನ ಮಾಡ್ತೀರಿ?"

"ಇದರಾಗಿನ ಸಣ್ಣ ಜೀವಗಳನ್ನ ಬೆಳೆಸ್ತೇನ್ರಿ. ಊಟ ಹಾಕಿ, ಬೆಚ್ಚಗ ಇಟ್ಟು."

ಅವರ ಮುಖ ಅರಳಿತು. "ಭಾಳ ಪುಣ್ಯದ ಕೆಲಸ. ಆಮ್ಯಾಲೆ? ಮತ್ತ ಕೆರಿಗೆ ಬಿಡ್ತೀರಿ?"

ಬಿಡುವಂತಿಲ್ಲ. ಕೆಲಸ ಮುಗಿದ ಮೇಲೆ ದೊಡ್ಡ ಕುಕ್ಕರಿನಂಥ ಪಾತ್ರೆಯಲ್ಲಿ ಹಾಕಿ ಬೇಯಿಸಿ ಕೊಲ್ಲಬೇಕು, ಅದು ನಿಯಮ. ನಾನು ತೊದಲುತ್ತಾ ಅದನ್ನು ಹೇಳಿದೆ. ಜಪಮಾಲೆ ನಿಂತಿತು.

"ಎಷ್ಟ ವರ್ಷದಿಂದ ಈ ಕೆಲಸ?"

"ಇಪ್ಪತ್ತೆರಡು."

"ಎಷ್ಟ ಜೀವ ಆಗಿರಬಹುದು?"

"ಎಣಿಸಾಕ ಬರೂದಿಲ್ರಿ."

ಅವರು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು. ನನಗೆ ಕಟಕಟೆಯಲ್ಲಿ ನಿಂತ ಹಾಗಾಯಿತು. ಇಷ್ಟು ವರ್ಷ ಯಾರೂ ನನ್ನ ಕೆಲಸವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ, ನನ್ನ ಮೇಲಧಿಕಾರಿ ಕೂಡ.

"ಒಂದೊಂದಕ್ಕ ಪ್ರಾರ್ಥನಾ ಮಾಡಾಕ ನನ್ನ ಆಯುಷ್ಯ ಸಾಲೂದಿಲ್ಲ," ಎಂದರು ಕೊನೆಗೆ. "ಹೋಲ್‌ಸೇಲ್ ಮಾಡಿಬಿಡ್ತೇನಿ."

ಅಲ್ಲೇ ಕೂತು ಅವರ ಭಾಷೆಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ನಾನು ಬಾಟಲಿ ಹಿಡಿದುಕೊಂಡು ತಲೆ ತಗ್ಗಿಸಿ ನಿಂತೆ. ಮುಗಿದ ಮೇಲೆ ನನ್ನನ್ನು ನೋಡಿ, "ನಿಮ್ಮ ಮನ್ಯಾಗ ಯಾರ ಯಾರ ಅದಾರ?" ಎಂದರು.

"ನಾ ಒಬ್ಬನ ರೀ."

"ಹಂಗಾರ ಕುಂದರ್ರಿ," ಎಂದು ಪಕ್ಕದ ಕಲ್ಲು ತೋರಿಸಿ ಮತ್ತೆ ಮಾಲೆ ಕೈಗೆತ್ತಿಕೊಂಡರು. "ನಿಮ್ಮದು ರಿಟೇಲ್. ಲಗೂನ ಆಗ್ತೈತಿ."

ಕೊಟ್ಟವರು ಯಾರು

ಹಳಿಯಾಳ ತಾಲೂಕಿನ ಒಂದು ಊರಿಗೆ, ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿ ಜನರ ಕೇರಿಗೆ, ತಿಪ್ಪೆಯ ಗೊಬ್ಬರ ತರಲು ಹೋಗಿದ್ದೆ. ಮೊದಲ ಮನೆಯ ಅಜ್ಜ ಬುಟ್ಟಿ ಹೆಣೆಯುತ್ತಾ ಕೂತಿದ್ದ. ನಾನು ಚೀಲ ಕೆಳಗಿಟ್ಟು, ವಂಶವಾಹಿ ಪರೀಕ್ಷೆಗೆ ಬಂದಿದ್ದೇನೆ ಎಂದು ಹೇಳುವಷ್ಟರಲ್ಲಿ ಅಜ್ಜ ಬುಟ್ಟಿ ಬದಿಗಿಟ್ಟು, ಅಂಗಿಯ ತೋಳು ಮಡಚಿ, ಕೈ ಮುಂದೆ ಚಾಚಿದ.

"ಈ ಕೈನೋ, ಆ ಕೈನೋ?"

ನನಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. "ಅಯ್ಯೋ ಅಜ್ಜಾ, ನಿನ್ನ ರಕ್ತ ಬ್ಯಾಡ."

"ಹಂಗಾರ ಉಗುಳ?"

"ಉಗುಳೂ ಬ್ಯಾಡ. ನಿನ್ನ ತಿಪ್ಪಿ ಬೇಕು."

ಅಜ್ಜನ ಮುಖ ಸಪ್ಪಗಾಯಿತು. "ಹಿಂದಕ ಭಾಳ ಮಂದಿ ಬಂದಿದ್ರು. ಒಬ್ರು ರಕ್ತ ಒಯ್ದ್ರು, ಒಬ್ರು ಉಗುಳ ಒಯ್ದ್ರು, ಒಬ್ರು ತಲಿಗೆ ಟೇಪ್ ಹಿಡದ್ರು. ನಮ್ಮ ಮೂಲ ನೋಡ್ತೇವಿ ಅಂದ್ರು. ಒಯ್ದವರು ಒಬ್ರೂ ಹೊಳ್ಳಿ ಬಂದು, ಏನ ಸಿಕ್ತು ಅಂತ ಹೇಳ್ಲಿಲ್ಲ. ಈಗ ತಿಪ್ಪಿ ಮಟ ಬಂತೇನು?"

ನನಗೆ ನಾಚಿಕೆಯಾಯಿತು. ನಮ್ಮ ವೃತ್ತಿಯಲ್ಲಿ ಒಯ್ಯುವುದು ಗೊತ್ತು, ಹಿಂದಿರುಗಿ ಬಂದು ಹೇಳುವುದು ಯಾರಿಗೂ ಗೊತ್ತಿಲ್ಲ. "ನಾ ಬಂದು ಹೇಳ್ತೇನಿ," ಎಂದೆ.

"ಎಲ್ಲಾರೂ ಹಂಗ ಅಂತಾರ," ಎಂದು ಅಜ್ಜ ಸಲಿಕೆ ತಂದುಕೊಟ್ಟ.

ಎಂಟು ತಿಂಗಳಾಯಿತು. ಫಲಿತಾಂಶ ಬಂದ ಮೂರನೇ ದಿನ ನಾನು ಹೋದೆ. ಅಜ್ಜ ನನ್ನನ್ನು ಕಂಡು ಎದ್ದು ನಿಂತ. ಹೆಂಡತಿಯನ್ನು ಕರೆದ, ಅಕ್ಕಪಕ್ಕದವರನ್ನು ಕರೆದ. ನನಗೆ ಕುರ್ಚಿ ಹಾಕಿದರು. ಇಷ್ಟು ವರ್ಷಗಳಲ್ಲಿ ನನ್ನ ಸಂಶೋಧನೆ ಕೇಳಲು ಹನ್ನೆರಡು ಜನ ಒಟ್ಟಿಗೆ ಕೂತದ್ದು ಅದೇ ಮೊದಲು. ಹೋದ ವರ್ಷದ ವಿಚಾರ ಸಂಕಿರಣದಲ್ಲಿ ಏಳು ಜನ ಇದ್ದರು, ಅದರಲ್ಲಿ ಇಬ್ಬರು ಊಟಕ್ಕೆ ಕಾಯುತ್ತಿದ್ದರು.

ವಿಷಯ ಇಷ್ಟೇ. ಅಜ್ಜನ ತಿಪ್ಪೆಯ ಒಂದು ಬ್ಯಾಕ್ಟೀರಿಯಾ, ಹಳ್ಳದಾಚೆಯ ಗೌಡರ ತಿಪ್ಪೆಯ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾ, ಎರಡರೊಳಗೂ ಒಂದೇ ವಂಶವಾಹಿ ಸಿಕ್ಕಿತ್ತು, ಅಕ್ಷರ ಅಕ್ಷರ ಒಂದೇ. ಯಾವಾಗಲೋ ಒಂದು ಇನ್ನೊಂದಕ್ಕೆ ಕೊಟ್ಟಿದೆ.

"ಗೌಡ್ರ ತಿಪ್ಪಿಗೂ ನಮ್ಮ ತಿಪ್ಪಿಗೂ ಕೊಡೂದು ತಗೊಳ್ಳೂದು ಐತಿ ಅನ್ನು!" ಅಜ್ಜ ತೊಡೆ ತಟ್ಟಿಕೊಂಡ. ಎಲ್ಲರೂ ನಕ್ಕರು. "ಹೌದು, ಯಾರು ಯಾರಿಗೆ ಕೊಟ್ಟದ್ದು?"

"ಅದನ್ನ ಹೇಳಾಕ ಬರೂದಿಲ್ಲ ಅಜ್ಜಾ. ಇಲ್ಲಿಂದ ಅಲ್ಲಿಗೂ ಹೋಗಿರಬಹುದು, ಅಲ್ಲಿಂದ ಇಲ್ಲಿಗೂ ಬಂದಿರಬಹುದು. ವಿಜ್ಞಾನಕ್ಕ ಇನ್ನೂ ಗೊತ್ತಾಗಿಲ್ಲ."

"ವಿಜ್ಞಾನಕ್ಕ ಗೊತ್ತಾಗದಿದ್ರ ನಾ ಹೇಳ್ತೇನಿ ಬರಕೋ," ಎಂದ ಅಜ್ಜ. "ನಮ್ಮದ ಕೊಟ್ಟದ್ದು. ಅವರು ಕೊಡೂ ಪೈಕಿ ಅಲ್ಲ."

ಬಾಡಿಗೆ

ಹೋದ ಮಳೆಗಾಲದಲ್ಲಿ ನನ್ನ ಮನೆಯೊಡತಿ ಅಜ್ಜಿಯ ಕಾಲಿಗೆ ಮೊಳೆ ಚುಚ್ಚಿತು. ನನಗೆ ಹೇಳಲಿಲ್ಲ. ಯಾವಾಗಲೋ ಉಳಿದಿದ್ದ ಮಾತ್ರೆ ನುಂಗಿದರು, ಅರಿಶಿನ ಕಟ್ಟಿದರು. ಐದನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಕುತ್ತಿಗೆ ಕಾಣಲಿಲ್ಲ. ಗೋಡೆಯಾಚೆ ಹೋಗಿ ನೋಡಿದರೆ ಜ್ವರದಲ್ಲಿ ಬಿದ್ದಿದ್ದಾರೆ. ಕಾಲು ಮೊಣಕಾಲಿನವರೆಗೆ ಬಾತಿದೆ.

ಗಾಡಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. ಮೂರು ದಿನ ಕೊಟ್ಟ ಔಷಧ ತಾಗಲಿಲ್ಲ. ನಾಲ್ಕನೇ ದಿನ ವರದಿ ಬಂತು. ಸಾಮಾನ್ಯವಾಗಿ ಕೊಡುವ ಎರಡು ಔಷಧಗಳಿಗೂ ಆ ಬ್ಯಾಕ್ಟೀರಿಯಾ ಬಗ್ಗುವುದಿಲ್ಲ. ಇಪ್ಪತ್ತೆರಡು ವರ್ಷ ಇದೇ ವಾಕ್ಯವನ್ನು ನಾನು ನೂರಾರು ಸಲ ಬರೆದಿದ್ದೇನೆ. ಆ ಚೀಟಿಯಲ್ಲಿ ಅದನ್ನೇ ಮೂರು ಸಲ ಓದಿದೆ. ಲೋಕದಲ್ಲಿ ದಿನಾ ನನ್ನ ಜೊತೆ ಮಾತಾಡುವವರು ಅವರೊಬ್ಬರೇ.

ದೇವರ ದಯೆ, ಮೂರನೆಯ ಔಷಧ ತಾಗಿತು.

ಸೇರಿಸುವಾಗ ಒಂದು ಸಂಗತಿ ನಡೆದಿತ್ತು. ನರ್ಸಮ್ಮ ಫಾರ್ಮ್ ತುಂಬುತ್ತಾ, "ಪೇಷಂಟಿಗೆ ನೀವು ಏನಾಗಬೇಕ್ರಿ?" ಎಂದಳು. ನಾನು ತಡವರಿಸಿದೆ. ಜ್ವರದ ಅಮಲಿನಲ್ಲೇ ಅಜ್ಜಿ ಹೇಳಿದರು, "ಬಾಡಿಗಿ." ನರ್ಸಮ್ಮ ಹಾಗೇ ಬರೆದುಕೊಂಡಳು. ಆಮೇಲೆ ಹನ್ನೊಂದು ದಿನ ವಾರ್ಡಿನಲ್ಲೆಲ್ಲ ನನ್ನ ಹೆಸರು ಅದೇ. "ಬಾಡಿಗಿಯವರು ಬರ್ರಿ, ಇಂಜೆಕ್ಷನ್ ತರಬೇಕು." "ಬಾಡಿಗಿಯವ್ರ, ಅಜ್ಜಿಗೆ ಗಂಜಿ ಕುಡಿಸಿದ್ರಿ?" ನಾನು ಗಂಜಿ ಕುಡಿಸಿದೆ, ಸೊಳ್ಳೆ ಓಡಿಸಿದೆ, ಕಾಲಿನ ಕೆಳಗೆ ದಿಂಬು ಇಟ್ಟೆ. ಅಜ್ಜಿ ನನ್ನನ್ನು ಬೈದರು, ಗಂಜಿಗೆ ಉಪ್ಪಿಲ್ಲ ಅಂದರು. ಬೈಗುಳ ಜೋರಾದ ದಿನ ಡಾಕ್ಟರು, ಗುಣವಾಗುತ್ತಿದೆ ಅಂದರು.

ಬಿಡುಗಡೆಯ ದಿನ ನಾನು ಸಾಮಾನು ಕಟ್ಟುತ್ತಿದ್ದಾಗ, ಪಕ್ಕದ ಮಂಚದ ಮುದುಕಿ ಅಜ್ಜಿಯನ್ನು ಹತ್ತಿರ ಕರೆದು ದನಿ ತಗ್ಗಿಸಿ ಕೇಳಿದಳು:

"ಬಾಡಿಗಿಗೆ ಮಗ ಸಿಗತಾನಂತ ನನಗ ಗೊತ್ತಿರಲಿಲ್ಲವಾ. ಎಲ್ಲಿ ಸಿಗತಾರ ಹೇಳು, ನನಗೂ ಒಂದು ಬೇಕಾಗಿತ್ತು. ನನ್ನ ಸ್ವಂತದ್ದು ಬರೂದ ಇಲ್ಲ."

ಬೋರ್ಡು

ಮನೆಯ ಮುಂದೆ ಬೋರ್ಡು ಇರಲೇಬೇಕೆಂದು ಮೇಲಿನಿಂದ ಪತ್ರ ಬಂತು. "ಪರಿಸರ ಸೂಕ್ಷ್ಮಜೀವಿಗಳ ವಂಶವಾಹಿ ಸಂಬಂಧ ಅಧ್ಯಯನ ಕೇಂದ್ರ" ಎಂದು ಬರೆದು ಹಳಿಯಾಳದ ಪೇಂಟರಿಗೆ ಕೊಟ್ಟೆ. ಅವನು ಚೀಟಿ ಓದಿ, ತಗಡು ನೋಡಿ, "ಇಷ್ಟುದ್ದ ಹಿಡಿಯೂದಿಲ್ರಿ ಸರ, ಹೊಂದಿಸಿ ಬರೀತೇನಿ" ಎಂದ. ಹೊಂದಿಸಿ ಬರೆದ. ಸಂಜೆ ಬಂದು ನೋಡಿದರೆ, ದಪ್ಪ ಕೆಂಪು ಅಕ್ಷರದಲ್ಲಿ, ಸುತ್ತ ಹೂಬಳ್ಳಿಯ ಸಮೇತ, "ವಂಶ ಸಂಬಂಧ ಕೇಂದ್ರ" ಎಂದಿತ್ತು.

ಯಾರು ಓದುತ್ತಾರೆ ಬಿಡು ಎಂದುಕೊಂಡೆ.

ಮರುವಾರ ಮಧ್ಯಾಹ್ನ ನಾನು ಒಳಗೆ ಸಣ್ಣ ಉರಿಯ ದೀಪ ಹಚ್ಚಿ, ಮುಖಕ್ಕೆ ಬಟ್ಟೆ ಕಟ್ಟಿ, ಬ್ಯಾಕ್ಟೀರಿಯಾಗಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದೆ. ನಡುವೆ ಏಳುವಂತಿಲ್ಲ. ಹೊರಗಿನಿಂದ ಯಾರೋ ಕರೆದರು. "ಕುಂದರ್ರಿ, ಬಂದೆ" ಎಂದೆ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಕರೆದರು. ಅವರಿಗೂ "ಕುಂದರ್ರಿ" ಎಂದೆ.

ಮುಕ್ಕಾಲು ಗಂಟೆಯ ನಂತರ ಹೊರಗೆ ಬಂದರೆ ಬೆಂಚಿನ ಮೇಲೆ ಇಬ್ಬರು ಹಿರಿಯರು ಆಪ್ತರ ಹಾಗೆ ಮೈಗೆ ಮೈ ತಾಗಿಸಿ ಕೂತಿದ್ದಾರೆ. ಒಬ್ಬರು ಪಾಳಾದವರು, ಮಗಳ ಫೋಟೋ ತಂದಿದ್ದರು. ಇನ್ನೊಬ್ಬರು ಚಿಗಳ್ಳಿಯವರು, ಮಗನ ಫೋಟೋ ತಂದಿದ್ದರು. ಇಬ್ಬರೂ ಬೇರೆ ಕೆಲಸಕ್ಕೆ ಹಳಿಯಾಳಕ್ಕೆ ಬಂದು, ಬೋರ್ಡು ನೋಡಿ, ಸಂಬಂಧ ನೋಡುವವರ ಮನೆಯೆಂದು ಒಳಗೆ ಬಂದವರು. ಒಂದೇ ಮುಂಡಗೋಡ ತಾಲೂಕಿನವರು ಇಷ್ಟು ದೂರ ಬಂದು ನನ್ನ ಬೆಂಚಿನ ಮೇಲೆ ಭೇಟಿಯಾಗಿದ್ದರು. ಈಗ ಮಗಳ ಫೋಟೋ ಚಿಗಳ್ಳಿಯವರ ಕೈಯಲ್ಲಿತ್ತು, ಮಗನದ್ದು ಪಾಳಾದವರ ಕೈಯಲ್ಲಿ.

"ಭಾರಿ ಆತ್ರಿ ಸರ," ಎಂದರು ಪಾಳಾದವರು. "ನೀವು ಒಳಗ ದೀಪಾ ಹಚ್ಚಿ ಕುಂತ್ರಿ, ಇಲ್ಲೆ ಸಂಬಂಧ ಕೂಡಿ ಬಂತು!"

"ನಾನು ಮಾಡೂದು ಅದಲ್ರಿ," ಎಂದೆ. "ನಾನು ಬ್ಯಾಕ್ಟೀರಿಯಾದ ಸಂಬಂಧ ನೋಡಾಂವ."

"ಅದನ್ನೂ ನೋಡ್ತೀರಿ?" ಚಿಗಳ್ಳಿಯವರು ಕೈಮುಗಿದರು. "ರೋಗ ಗೀಗ ಇರಬಾರದು ಅಂತ. ಛಲೋ ಮಾಡಿದ್ರಿ."

ಎಷ್ಟು ಹೇಳಿದರೂ ವಿನಯ ಎಂದುಕೊಂಡರು. ಆ ಸಂಜೆಯೇ ಪೇಂಟರನ್ನು ಕರೆಸಿ ಬೋರ್ಡು ಇಳಿಸಿದೆ. ಆದರೂ ಮನಸ್ಸು ತಡೆಯಲಿಲ್ಲ. ಒಂದು ಹೆಣ್ಣಿನ ಬಾಳು. ಪಾಳಾಕ್ಕೆ ಹೋಗಿ, ಆ ಹುಡುಗಿಯನ್ನೇ ಕಂಡು, ನಾನು ಯಾರದೂ ಏನೂ ನೋಡಿಲ್ಲ, ಹೊಳೆಯ ನೀರು ನೋಡುವವನು ಎಂದು ನಿಜ ಹೇಳಿದೆ. ಅವಳು ಸಾಲೆಯ ಟೀಚರು. ಬಿದ್ದು ಬಿದ್ದು ನಕ್ಕಳು. "ಅಪ್ಪಾಗ ಹೇಳಬ್ಯಾಡ್ರಿ ಸರ. ಹುಡುಗನ್ನ ನಾನ ಎರಡು ಸಲ ಭೆಟ್ಟಿಯಾಗಿ ಮಾತಾಡೇನಿ. ನನಗ ಬೇಕಾಗ್ಯಾನ. ನೀವು ಮದುವಿಗೆ ಬರ್ರಿ."

ಹೋದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂಡಗೋಡದ ಮಂಟಪದ ಹಿಂದಿನ ಸಾಲಿನಲ್ಲಿ ಕೂತೆ. ಬಂದವರೆಲ್ಲ, "ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ?" ಎಂದು ಕೇಳುತ್ತಿದ್ದರು. ಎರಡೂ ಅಲ್ಲ ಎಂದರೆ ಒಂದು ಕ್ಷಣ ನಿಂತು, ಮುಂದೆ ಹೋಗುತ್ತಿದ್ದರು. ಊಟ ಮಾಡಿ ಸದ್ದಿಲ್ಲದೆ ಹೊರಡಬೇಕು ಎನ್ನುವಷ್ಟರಲ್ಲಿ ಇಬ್ಬರು ಬೀಗರೂ ನನ್ನನ್ನು ಕಂಡರು. ಕೈಹಿಡಿದು ವೇದಿಕೆಗೆ ಎಳೆದೊಯ್ದರು. ಒಬ್ಬರು ತಲೆಗೆ ಪೇಟ ಸುತ್ತಿದರು, ಇನ್ನೊಬ್ಬರು ಕೊರಳಿಗೆ ದೊಡ್ಡ ಹಾರ ಹಾಕಿದರು. ಫೋಟೋದವನು ಕೂಗಿದ, "ಹೆಣ್ಣಿನ ಕಡೆದವರು ಈ ಕಡೆ, ಗಂಡಿನ ಕಡೆದವರು ಆ ಕಡೆ!" ನಾನು ಯಾವ ಕಡೆ ಹೋಗುವುದೋ ತಿಳಿಯದೆ ನಿಂತೆ. "ನೀವು ನಡುವ ನಿಲ್ರಿ," ಎಂದ. ನನ್ನ ಒಂದು ಪಕ್ಕ ಮದುಮಗಳು, ಇನ್ನೊಂದು ಪಕ್ಕ ಮದುಮಗ. ಪಾಪ, ಅವನು ಸೆಕೆಗೆ ಬೇಸತ್ತು ಆಗ ತಾನೆ ಪೇಟ, ಹಾರ ತೆಗೆದಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ.

ತಿಂಗಳ ನಂತರ ಆ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ಬೀಗರು ತಂದುಕೊಟ್ಟರು. ನನ್ನ ಮನೆಯ ಗೋಡೆಯ ಮೇಲೆ ಮನುಷ್ಯರಿರುವ ಚಿತ್ರ ಒಂದೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ದಿನಾ ಕೆಲಸದ ನಡುವೆ ಒಮ್ಮೆ ನೋಡುತ್ತೇನೆ.

ಮೊನ್ನೆ ಗ್ಯಾಸ್ ಸಿಲಿಂಡರಿನವನು ಬಂದ. ಹೆಗಲ ಮೇಲೆ ಸಿಲಿಂಡರ್ ಇಟ್ಟುಕೊಂಡೇ ಫೋಟೋದ ಮುಂದೆ ನಿಂತುಬಿಟ್ಟ.

"ಸರ! ಲಗ್ನ ಆತೇನ್ರಿ? ಒಂದ ಮಾತ ಹೇಳ್ಲಿಲ್ಲಲ್ರಿ! ಜೋಡಿ ಭಾಳ ಛಲೋ ಐತಿ."

ಅಲ್ಲ ಎನ್ನಬೇಕಿತ್ತು. ಅಷ್ಟು ಸಂತೋಷಪಟ್ಟು ಹೇಳಿದ್ದನಲ್ಲ, ದುಡ್ಡು ಎಣಿಸುವ ನೆಪ ಮಾಡಿದೆ. ಅವನು ಇನ್ನೂ ಹತ್ತಿರ ಹೋಗಿ ನೋಡಿದ.

"ಹೌದ್ರಿ, ನಿಮ್ಮ ಬಾಜೂಕ ಮಾರಿ ಗಂಟ ಹಾಕ್ಕೊಂಡು ನಿಂತಾನಲ್ಲ, ಅಂವ ಯಾರ್ರಿ?"

"ಅಂವ ಮದುಮಗ," ಎಂದೆ.

ಅವನು ಫೋಟೋ ನೋಡಿದ, ನನ್ನನ್ನು ನೋಡಿದ, ಮತ್ತೆ ಫೋಟೋ ನೋಡಿದ. ಸಿಲಿಂಡರನ್ನು ನಿಧಾನವಾಗಿ ಕೆಳಗಿಳಿಸಿ, ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿ, ಗುಟ್ಟಾಗಿ ಕೇಳಿದ:

"ಮತ್ತ ಪೊಲೀಸ್ ಕೇಸ್ ಆಗ್ಲಿಲ್ಲೇನ್ರಿ?"